ಕೆಳಮಟ್ಟದಲ್ಲಿ ಹಾರುವಾಗ ವಿದ್ಯುತ್ ತಂತಿಯನ್ನು ನೋಡಿ ತಪ್ಪಿಸಿಕೊಳ್ಳಬಹುದಲ್ಲವೇ?

ನೀವು ಕೇಳಿರುವುದು ಇಷ್ಟು: ಎರಡು ಸೀಟಿನ ವಿಮಾನ, ಹಗಲು ಹೊತ್ತು, ತಿಳಿಯಾದ ಆಕಾಶ, ಕಣ್ಣೂ ಚುರುಕಾಗಿದೆ. ಹೀಗಿರುವಾಗ ನೂರಿನ್ನೂರು ಅಡಿ ಎತ್ತರದಲ್ಲಿ ತಂತಿ ಎದುರಾದರೆ ಅಪಾಯವೇನು, ನೋಡಿ ಪಕ್ಕಕ್ಕೆ ಸರಿಯಬಹುದಲ್ಲವೇ?

ಆಗುವುದಿಲ್ಲ. ನಾನು ಹಾರಾಟ ಕಲಿಸುವವನು. ಕಲಿಯಲು ಬರುವವರಲ್ಲಿ ಈ ನಂಬಿಕೆಯನ್ನು ಮತ್ತೆ ಮತ್ತೆ ಕಾಣುತ್ತೇನೆ, ಅದಕ್ಕೇ ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ಮೊದಲು ಲೆಕ್ಕ ನೋಡಿ. 100 ನಾಟ್ ವೇಗವೆಂದರೆ ಸೆಕೆಂಡಿಗೆ ಸುಮಾರು 51 ಮೀಟರ್. ಎದುರಿಗಿರುವುದನ್ನು ಕಂಡು, ಅದೇನೆಂದು ಗುರುತಿಸಿ, ಡಿಕ್ಕಿಯಾಗುತ್ತದೆಂದು ಅರಿತು, ಏನು ಮಾಡಬೇಕೆಂದು ನಿರ್ಧರಿಸಿ, ಕೈ ಆಡಿಸಿ, ಕೊನೆಗೆ ವಿಮಾನ ದಾರಿ ಬದಲಿಸುವಷ್ಟರಲ್ಲಿ 12.5 ಸೆಕೆಂಡು ಬೇಕು. ಎದುರಿನಿಂದ ಬರುವ ವಿಮಾನವನ್ನು ತಪ್ಪಿಸುವ ಬಗ್ಗೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಪೈಲಟ್‌ಗಳಿಗೆ ಕೊಟ್ಟ ಅಂದಾಜು ಇದು. ಅಷ್ಟರಲ್ಲಿ ನೀವು 640 ಮೀಟರ್ ಸಾಗಿರುತ್ತೀರಿ. ಬೆರಳು ದಪ್ಪದ ತಂತಿ ಅಷ್ಟು ದೂರದಿಂದ, ಅದೂ ಗಿಡಮರ ಮಣ್ಣಿನ ಹಿನ್ನೆಲೆಯಲ್ಲಿ, ಕಾಣುತ್ತದೆಯೇ? ಹಳೆಯದಾದಂತೆ ತಂತಿಯ ಹೊಳಪು ಹೋಗಿ ಬಣ್ಣ ಮಂಕಾಗುತ್ತದೆ. ಒಂದು ದಿಕ್ಕಿನಿಂದ ಬಿಸಿಲಿಗೆ ಮಿಂಚಿದ ತಂತಿಯೇ ತಿರುಗಿ ಬರುವಾಗ ಮಾಯವಾಗುತ್ತದೆ. ವಿಂಡ್‌ಶೀಲ್ಡ್ ಮೇಲೆ ಧೂಳಿದ್ದು ಸೂರ್ಯ ಎದುರಿಗಿದ್ದರಂತೂ ಕೇಳುವುದೇ ಬೇಡ.

ಹಾಗಾಗಿ ತಂತಿಯನ್ನು ಹುಡುಕಬೇಡಿ, ಕಂಬವನ್ನು ಹುಡುಕಿ. ಒಂದು ಕಂಬ ಕಂಡರೆ ಅದರ ಅಡ್ಡಪಟ್ಟಿ, ಇನ್ಸುಲೇಟರ್‌ಗಳನ್ನು ನೋಡಿ ಲೈನ್ ಯಾವ ಕಡೆಗೆ ಹೋಗಿದೆ ಎಂದು ತಿಳಿಯಿರಿ, ಇನ್ನೊಂದು ಕಂಬ ಸಿಗುವವರೆಗೂ ಬಿಡಬೇಡಿ. ಕಾಡಿನ ನಡುವೆ ನೇರವಾಗಿ ಮರ ಕಡಿದ ಪಟ್ಟಿ ಕಂಡರೂ ಅಲ್ಲಿ ಲೈನ್ ಇದೆ ಎಂದೇ ತಿಳಿಯಿರಿ. ಕಣಿವೆ, ನದಿಗಳ ಮೇಲೆ ಇದೂ ಕೈಕೊಡುತ್ತದೆ: ಎರಡೂ ಬದಿಯ ಗೋಪುರಗಳು ಮರಗಳ ಮರೆಯಲ್ಲಿರುತ್ತವೆ, ತಂತಿ ಮಾತ್ರ ನಿಮ್ಮ ದಾರಿಗೆ ಅಡ್ಡ. ಗಾಳಿಯ ವೇಗ ಅಳೆಯಲು ನಿಲ್ಲಿಸುವ ತೆಳು ಗೋಪುರಗಳು ಇನ್ನೊಂದು ಕಾಟ. ಅವು ಬೇಗ ಎದ್ದು ನಿಲ್ಲುತ್ತವೆ, ಸುತ್ತಲೂ ಅವನ್ನು ನೆಲಕ್ಕೆ ಬಿಗಿದು ಹಿಡಿಯುವ ಸ್ಟೇ ವೈರ್‌ಗಳಿರುತ್ತವೆ, ನಕ್ಷೆಯಲ್ಲಿ ಎಷ್ಟೋ ಬಾರಿ ಇರುವುದೇ ಇಲ್ಲ.

ಹೈಟೆನ್ಷನ್ ಲೈನ್ ದಾಟುವುದಾದರೆ ಗೋಪುರದ ನೆತ್ತಿಯ ಮೇಲೇ ದಾಟಿ. ದಪ್ಪ ತಂತಿಗಳ ಮೇಲೆ, ಗೋಪುರದ ತುದಿಯಿಂದ ತುದಿಗೆ, ಸಿಡಿಲಿನಿಂದ ರಕ್ಷಿಸಲು ಇನ್ನೂ ತೆಳುವಾದ ಅರ್ಥ್ ವೈರ್ ಎಳೆದಿರುತ್ತಾರೆ. ಕೆಳಗಿನವು ಕಂಡವೆಂದು ವಿಮಾನದ ಮೂಗು ಎತ್ತಿದ ಪೈಲಟ್ ಸಿಕ್ಕಿಬೀಳುವುದು ಅದಕ್ಕೆ. ನೇರವಾಗಿ ನುಗ್ಗದೆ 45 ಡಿಗ್ರಿ ಓರೆಯಾಗಿ ಸಮೀಪಿಸಿದರೆ ಅನುಮಾನ ಬಂದಾಗ ಹೊರಳಿಕೊಳ್ಳುವುದು ಸುಲಭ.

ಇಷ್ಟೆಲ್ಲ ಗೊತ್ತಿದ್ದರೂ ಸಾಲದು, ನನ್ನನ್ನು ಹೆಚ್ಚು ಕಾಡುವುದು ಇದೇ. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆ ಎಟಿಎಸ್‌ಬಿ, ಬೆಳೆಗೆ ಔಷಧಿ ಸಿಂಪಡಿಸುವ ವಿಮಾನಗಳ ತಂತಿ ಡಿಕ್ಕಿಗಳನ್ನು ಪರಿಶೀಲಿಸಿದಾಗ, ಶೇ 63ರಷ್ಟು ಪ್ರಕರಣಗಳಲ್ಲಿ ಆ ತಂತಿ ಅಲ್ಲಿದೆ ಎಂದು ಪೈಲಟ್‌ಗೆ ಮೊದಲೇ ಗೊತ್ತಿತ್ತು! ದಿನವಿಡೀ ಕೆಳಗೆ ಹಾರುವ ನುರಿತ ಕೈಗಳು ಅವರದು. ಗೊತ್ತಿದ್ದದ್ದು ಆ ಒಂದು ಕ್ಷಣ ನೆನಪಿನಿಂದ ಜಾರುತ್ತದೆ. ರೇಡಿಯೋ ಮಾತು, ದಣಿವು, ನಡುವೆ ಬದಲಾದ ಯೋಜನೆ, ಉಳಿದ ಮೂಲೆಗೆ ಇನ್ನೊಂದೇ ಸುತ್ತು ಎಂಬ ಆತುರ, ಯಾವುದಾದರೂ ಸಾಕು. ಆ ವಿಮಾನಗಳಲ್ಲಿ ತಂತಿ ಕತ್ತರಿಸುವ ಅಲಗನ್ನೋ ಬಾಲದವರೆಗೆ ಬಿಗಿದ ರಕ್ಷಣಾ ಕೇಬಲ್ಲನ್ನೋ ಅಳವಡಿಸುವುದುಂಟು. ನೀವು ಕಲಿಯುವ ವಿಮಾನದಲ್ಲಿ ಅದಿರುವುದಿಲ್ಲ.

ಕೆಲಸವಿಲ್ಲದೆ 500 ಅಡಿಗಿಂತ ಕೆಳಗೆ ಇಳಿಯಬೇಡಿ, ದಯವಿಟ್ಟು. ಸ್ನೇಹಿತರ ಮನೆಯ ಮೇಲೆ ಒಂದು ಸುತ್ತು ಎಂಬುದು ಕೆಲಸವಲ್ಲ.

ಎಂಜಿನ್ ನಿಂತು ಹೊಲದಲ್ಲಿ ಇಳಿಯಲೇಬೇಕಾದರೆ ರಸ್ತೆ ಇರುವ ಅಂಚಿನಲ್ಲಿ, ಮನೆಗೆ ಹೋಗುವ ದಾರಿಯುದ್ದಕ್ಕೂ ತಂತಿ ಇದ್ದೇ ಇದೆ ಎಂದುಕೊಂಡು ಜಾಗ ಆರಿಸಿ. ಕೊನೆಯ ಗಳಿಗೆಯಲ್ಲಿ ಕಣ್ಣೆದುರೇ ತಂತಿ ಕಂಡರೆ ಗಾಬರಿಯಿಂದ ಮೂಗು ಎತ್ತಬೇಡಿ. ವೇಗವಿಲ್ಲದ ವಿಮಾನ ಅಲ್ಲೇ ಸ್ಟಾಲ್ ಆಗಿ, ಅಂದರೆ ರೆಕ್ಕೆಗಳು ಎತ್ತಿಹಿಡಿಯುವ ಬಲ ಕಳೆದುಕೊಂಡು, ಬೀಳುತ್ತದೆ. ಕೆಳಗೆ ಜಾಗವಿದ್ದರೆ ತಂತಿಯ ಅಡಿಯಲ್ಲೇ ನುಸುಳಿ ಇಳಿಯಿರಿ.