ಉಪ್ಪು-ಸಕ್ಕರೆ ನೀರು ಬಡವರ ಔಷಧಿಯೇ?

ತಾಯಿಯೊಬ್ಬರು ಬರೆದಿದ್ದಾರೆ: ಎರಡು ವರ್ಷದ ಮಗನಿಗೆ ಭೇದಿ ಹತ್ತಿ ಆರೋಗ್ಯ ಕೇಂದ್ರಕ್ಕೆ ಹೋದರೆ, ಓಆರ್‌ಎಸ್ (ನೀರಿಗೆ ಕಲಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ) ಪೊಟ್ಟಣ, ಜಿಂಕ್ ಮಾತ್ರೆ ಕೊಟ್ಟು ಕಳಿಸಿದರು. ಡ್ರಿಪ್ಪೂ ಇಲ್ಲ, ಆಂಟಿಬಯಾಟಿಕ್ಕೂ ಇಲ್ಲ. ಬಡವರಿಗೆ ಅಗ್ಗದ್ದೇ ಸಾಕು ಅನ್ನುವುದು ಸರ್ಕಾರದ ನೀತಿಯೇ?

ಸಂಪಾದಕರ ಉತ್ತರ:

ನಮಸ್ಕಾರ. ಮಗು ಸೊರಗಿದಾಗ ಹೆತ್ತವರ ಜೀವ ಕೈಯಲ್ಲಿರುತ್ತದೆ. ಆ ಹೊತ್ತಿನಲ್ಲಿ ಒಂದು ಪೊಟ್ಟಣ ಪುಡಿ ಕೈಗಿಟ್ಟರೆ ಸಿಟ್ಟು ಬಂದೇ ಬರುತ್ತದೆ. ಆದರೆ ಆ ಪುಡಿಯನ್ನು ಅಗ್ಗ ಅಂತ ಕೊಟ್ಟಿದ್ದಲ್ಲ, ಜೀವ ಉಳಿಸುತ್ತದೆ ಅಂತ ಕೊಟ್ಟಿದ್ದು.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದಾಗ ಕಾಲರಾ ಹಬ್ಬಿತು. ಬನಗಾಂವ್ ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ಡ್ರಿಪ್ ಬಾಟಲಿ ಮುಗಿಯುತ್ತಾ ಬಂತು. ಆಗ ಡಾ. ದಿಲೀಪ್ ಮಹಲನಬಿಸ್ ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾ ಅಳೆದು ಡ್ರಮ್ಮಿನ ನೀರಿಗೆ ಕಲಸಿದರು. ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಭೇದಿ ಆಗುತ್ತಿರುವಾಗಲೂ ಕರುಳು ಗ್ಲೂಕೋಸ್ ಹೀರುತ್ತದೆ. ಅದರ ಜೊತೆ ಉಪ್ಪು, ಉಪ್ಪಿನ ಹಿಂದೆ ನೀರು ಒಳಗೆ ಹೋಗುತ್ತದೆ. ಗುಟ್ಟು ಇಷ್ಟೇ.

ನಿಮ್ಮ ಪತ್ರ ಓದುವಾಗ 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ನೆನಪಾಯಿತು. ಅದು ನಡೆದದ್ದು ನಮ್ಮ ಕರ್ನಾಟಕ ಮತ್ತು ಬಿಹಾರದ 253 ಊರುಗಳಲ್ಲಿ. ತರಬೇತಿ ಪಡೆದ ನಟರು ಎರಡು ವರ್ಷದ ಮಗುವಿನ ಮನೆಯವರಂತೆ ಖಾಸಗಿ ಡಾಕ್ಟರುಗಳ ಬಳಿ ಹೋದರು. ಓಆರ್‌ಎಸ್ ಒಳ್ಳೆಯದು ಅಂತ ಗೊತ್ತಿದ್ದೂ ಎಷ್ಟೋ ಜನ ಬರೆಯಲಿಲ್ಲ. ಯಾಕೆ? ಪೊಟ್ಟಣ ಇಲ್ಲದ್ದು, ಬೇರೆ ಔಷಧಿ ಮಾರಿದರೆ ಬರುವ ಲಾಭ, ಇವೆರಡರ ಪಾಲೂ ಸಣ್ಣದು. ಬರೆಯದಿರುವುದರಲ್ಲಿ ಶೇ. 42ರಷ್ಟಕ್ಕೆ ಕಾರಣ, 'ಇವರಿಗೆ ಇದು ಇಷ್ಟವಾಗಲ್ಲ' ಎಂಬ ಡಾಕ್ಟರ ಅಂದಾಜು! ಓಆರ್‌ಎಸ್ ಬೇಕು ಅಂತ ಬಾಯಿಬಿಟ್ಟು ಕೇಳಿದವರಿಗೆ ಜಾಸ್ತಿ ಸಿಕ್ಕಿತು. ಅಂದರೆ ನಮಗೆ ಇಷ್ಟವಾಗಲ್ಲ ಅನ್ನುವ ಊಹೆಯಿಂದಲೇ ಎಷ್ಟೋ ಸಲ ಸರಿಯಾದ ಔಷಧಿ ಚೀಟಿಯಿಂದ ಬಿಟ್ಟುಹೋಗುತ್ತಿದೆ. ನಿಮಗೆ ಓಆರ್‌ಎಸ್ ಕೊಟ್ಟವರು ಆ ಮುಲಾಜಿಗೆ ಬೀಳಲಿಲ್ಲ.

ನನ್ನ ಆಕ್ಷೇಪ ಇರುವುದು ಬೇರೆ ಕಡೆ. ಪೊಟ್ಟಣ ಕೊಟ್ಟವರು ಎರಡು ಮಾತು ಬಿಡಿಸಿ ಹೇಳಬೇಕಿತ್ತು, ಅಲ್ವಾ? 1980ರ ದಶಕದಲ್ಲಿ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ ನೀರಿಗೆ ಹಾಕಿ ಕಲಸುವುದನ್ನು ತಾಯಂದಿರ ಕೈಯಲ್ಲೇ ಮಾಡಿಸಿದರು. ಆಮೇಲೆ ಬೇರೆಯವರು ಬಂದು ಪರೀಕ್ಷೆ ಮಾಡುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಾರ್ಯಕರ್ತೆಯ ಸಂಬಳ. ನಮ್ಮ ನೀತಿ ಮಾಡುವವರು ಪೊಟ್ಟಣ ಎಷ್ಟು ಹಂಚಿದೆವು ಅಂತ ಮಾತ್ರವಲ್ಲ, ತಾಯಿಗೆ ಎಷ್ಟು ಅರ್ಥವಾಯಿತು ಅಂತಲೂ ಲೆಕ್ಕ ಇಡಲಿ.

ಡ್ರಿಪ್ ಬೇಡವೇ ಬೇಡ ಅಂತಲ್ಲ. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಏನೂ ಕುಡಿಯಲಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಉಳಿದಂತೆ ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಶುದ್ಧ ನೀರಿಗೇ ಹಾಕಿ, ಲೋಟಕ್ಕೆ ಇಷ್ಟಿಷ್ಟೇ ಉದುರಿಸಬೇಡಿ. ಚಮಚದಲ್ಲಿ ಕುಡಿಸುತ್ತಿರಿ. ಮರುದಿನಕ್ಕೆ ಉಳಿದದ್ದನ್ನು ಚೆಲ್ಲಿ. ಮಗ ಗೆಲುವಾದ ಅಂತ ಜಿಂಕ್ ಮಾತ್ರೆ ಅರ್ಧಕ್ಕೆ ಬಿಡಬೇಡಿ, 14 ದಿನ ಪೂರ್ತಿ ಕೊಡಿ.