ಗ್ರೂಪಿಗೆ ಉತ್ತರ ಬೇಡ, ಅವರಿಗೆ ಪದ್ಯ ಓದಿ

ಈ ವಾರದ ಒಂದು ಕಾಗದವನ್ನು ಮೂರು ಸಲ ಓದಿದೆ. ಬರೆದವರು ಧಾರವಾಡದ ಕಡೆಯವರು, ಈಗ ಇರೋದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಹಿಮ ಬೀಳತೊಡಗಿದರೆ ಇವರಿಗೆ ಪದ್ಯದ ಹುಚ್ಚು. ಪದ್ಯದಲ್ಲಿ ಒಬ್ಬ ಗಂಡಸು ಹಿಮ ಕೊಡವಿಕೊಂಡು ಒಳಗೆ ಬರುತ್ತಾನೆ. ಮಫ್ಲರ್ ಬಿಚ್ಚಿದರೆ ಒದ್ದೆ ಉಣ್ಣೆಯ ವಾಸನೆ, ಬಾಯಲ್ಲಿ ಲವಂಗ, ಕುತ್ತಿಗೆಯ ಹತ್ತಿರ ಬರೀ ಅವನದೇ ವಾಸನೆ. ರಜೆಗೆ ಬಂದ ನಾದಿನಿ ಆ ಪುಟದ ಫೋಟೊ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿ, ‘ಇವನ್ಯಾರು?’ ಅಂತ ಕೇಳಿದ್ದಾಳೆ. ಅತ್ತೆ ಊರಿಂದ ಫೋನ್ ಮಾಡಿ ಅತ್ತಿದ್ದಾರೆ. ಗಂಡ ಮಾತು ಕಡಿಮೆ ಮಾಡಿದ್ದಾರೆ. ‘ಅದು ನಮ್ಮವರೇ ಮೇಡಂ. ನೋಟ್‌ಬುಕ್ ಸುಟ್ಟುಬಿಡಲಾ?’

ಸುಡಬೇಡಿ.

ಫ್ಯಾಮಿಲಿ ಗ್ರೂಪ್‌ಗಳ ಜೊತೆ ನನ್ನ ಜಗಳ ಹಳೆಯದು, ಓದುಗರಿಗೆ ಗೊತ್ತು. ಉಂಡ ಮನೆಯವರ ನೋಟ್‌ಬುಕ್ ತೆರೆದು ಪಂಚಾಯ್ತಿ ಕಟ್ಟೆಗೆ ತಂದಿಟ್ಟ ನಾದಿನಿಯ ಬಗ್ಗೆ ನನಗೆ ಒಂದು ಚೂರೂ ಕನಿಕರ ಇಲ್ಲ. 1942ರಲ್ಲಿ ‘ಮೈಸೂರು ಮಲ್ಲಿಗೆ’ ಬಂದದ್ದೇ ಗಂಡ ಹೆಂಡತಿಯ ಒಲವಿಗೆ ಕನ್ನಡನಾಡು ತಲೆದೂಗಿತು. ಹೆಂಡತಿ ಗಂಡನ ಕುತ್ತಿಗೆಯ ಬಗ್ಗೆ ಬರೆದರೆ ಮಾತ್ರ ವಿಚಾರಣೆ!

ಹಿಮದ ಜೊತೆ ಘಮ ಸೇರಿಸಿದವರಲ್ಲಿ ನೀವೇ ಮೊದಲಿಗರೇನಲ್ಲ. ಜಪಾನಿನಲ್ಲಿ 905ರ ಹೊತ್ತಿಗೆ ಅರಮನೆಯ ಅಪ್ಪಣೆಯಂತೆ ‘ಕೊಕಿನ್‌ಶೂ’ ಅನ್ನುವ ಸಂಕಲನ ಮಾಡಿದರು. ಅದರಲ್ಲಿ ಓನೊ ನೊ ತಕಮುರ ಹೂವಿಗೆ ಹೇಳುತ್ತಾನೆ: ಹಿಮದಲ್ಲಿ ಬೆರೆತು ನಿನ್ನ ಬಣ್ಣ ಕಾಣದಿದ್ದರೆ ಬೇಡ, ಘಮವನ್ನಾದರೂ ಚೆಲ್ಲು, ಜನಕ್ಕೆ ಗೊತ್ತಾಗಲಿ. ಹೆಸರಿಲ್ಲದ ಇನ್ನೊಬ್ಬ ಕವಿ ಅಂಗಳದ ಪ್ಲಮ್ ಹೂ ಮೂಸಿ, ಯಾರ ಅಂಗಿಯ ತೋಳು ತಾಗಿತ್ತೋ ಇದಕ್ಕೆ ಅನ್ನುತ್ತಾನೆ. ಬಟ್ಟೆಗೆ ಧೂಪದ ಹೊಗೆ ಹಿಡಿಸಿ ಉಡುತ್ತಿದ್ದ ಜನ, ನೋಡಿ.

ಚಳಿಯಲ್ಲಿ ವಾಸನೆ ಮೇಲೇಳುವುದೇ ಕಷ್ಟ. ಮೈನಸ್ 20ರ ಬೀದಿಯಲ್ಲಿ ಮೂಗಿಗೆ ಕೆಲಸವೇ ಇರುವುದಿಲ್ಲ. ಬೆಚ್ಚಗಿನ ಮನೆಯೊಳಗೆ ಬಂದ ಮೇಲೆ ಕೋಟು, ಕೂದಲು, ಮೈ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ನೀವು ಬರೆದದ್ದು ಆ ಗಳಿಗೆಯನ್ನೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ನೀವು ಬ್ರಾಕೆಟ್ಟಿನೊಳಗೆ ತುರುಕಿದ ಸಾಲು: ‘ಕೋವಿಡ್ ಬಂದ ಮೇಲೆ ಅವರಿಗೆ ವಾಸನೆ ಗೊತ್ತಾಗಲ್ಲ, ಅದು ಬೇರೆ ವಿಷಯ.’

ಬೇರೆ ವಿಷಯ ಹೇಗಾಗುತ್ತೆ? ದಿನಕ್ಕೆ ಎರಡು ಸಲ ಸ್ನಾನ ಮಾಡ್ತಾರೆ, ಮಂಚದ ತುದಿಗೆ ಸರಿದು ಮಲಗ್ತಾರೆ ಅಂತ ನೀವೇ ಬರೆದಿದ್ದೀರಿ. ಮೂಗು ಸತ್ತವರಿಗೆ ತಮ್ಮ ಮೈ ನಾರುತ್ತಿದೆಯೋ ಏನೋ ಅಂತ ಒಳಗೇ ಅಂಜಿಕೆ ಇರುತ್ತದೆ. ಅಂಥವರ ಕೈಗೆ ಲವಂಗ ಘಮ್ಮೆನ್ನುವ ಗಂಡಸಿನ ಪದ್ಯ ಸಿಕ್ಕರೆ, ಇದು ನಾನಲ್ಲ ಅಂದುಕೊಳ್ಳೋದು ಸಹಜ ಅಲ್ವಾ? ಅವರಿಗೆ ನಿಮ್ಮ ಮೇಲೆ ಅನುಮಾನಕ್ಕಿಂತ ತಮ್ಮ ಮೇಲೆ ನಾಚಿಕೆಯೇ ಜಾಸ್ತಿ ಇದ್ದೀತು.

ಕಿವಿ, ಮೂಗು, ಗಂಟಲಿನ ಡಾಕ್ಟರಿಗೆ ತೋರಿಸಿ. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕನ್ನು ದಿನಕ್ಕೆ ಎರಡು ಸಲ, ತಿಂಗಳುಗಟ್ಟಲೆ ಮೂಸುವ ಅಭ್ಯಾಸ ಮಾಡಿಸುತ್ತಾರೆ. ಎಲ್ಲರಿಗೂ ಮೂಗು ವಾಪಸ್ ಬರುತ್ತೆ ಅಂತೇನಿಲ್ಲ.

ಅದು ನಿಧಾನದ ಕೆಲಸ. ಇವತ್ತು ರಾತ್ರಿಯದು ಒಂದೇ. ಲವಂಗದ ಡಬ್ಬಿ ಅವರ ಕೈಗೆ ಕೊಟ್ಟು ಪಕ್ಕದಲ್ಲಿ ಕೂತು ಆ ಪದ್ಯ ಗಟ್ಟಿಯಾಗಿ ಓದಿ. ‘ಅವನು’ ಅಂತ ಇರುವ ಕಡೆಯೆಲ್ಲ ‘ನೀವು’ ಅನ್ನಿ. ಇಬ್ಬರೇ ಇದ್ದಾಗ ‘ನೀನು’ ಅನ್ನುವವರಾದರೆ ಹಾಗೇ ಅನ್ನಿ.