ಪ್ರಶ್ನೋತ್ತರ: ಬೆಂಗಳೂರು ನಗರ ಪೊಲೀಸ್ – ಯಾವ ಕೆಲಸಕ್ಕೆ ಯಾರ ಬಳಿ ಹೋಗಬೇಕು?

ಪ್ರಶ್ನೆ: ನಾವು ತುಮಕೂರು ಜಿಲ್ಲೆಯ ಹಳ್ಳಿಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದವರು. ನಮ್ಮೂರಿನವರಿಗೆ ಪೊಲೀಸ್ ಎಂದರೆ ಎಸ್‌ಪಿ ಸಾಹೇಬರು. ಇಲ್ಲಿ ಕಮಿಷನರ್, ಡಿಸಿಪಿ, ಎಸಿಪಿ ಎನ್ನುತ್ತಾರೆ. ಇದು ಬರೀ ಹೆಸರಿನ ವ್ಯತ್ಯಾಸವೇ?
– ಓದುಗರೊಬ್ಬರು, ಪೀಣ್ಯ

ಉತ್ತರ: ಹೆಸರಿನ ಜೊತೆಗೆ ಅಧಿಕಾರದಲ್ಲೂ ವ್ಯತ್ಯಾಸವಿದೆ. ಜಿಲ್ಲೆಯಲ್ಲಿ ಪೊಲೀಸ್ ಪಡೆಗೆ ಎಸ್‌ಪಿ ಮುಖ್ಯಸ್ಥರಾದರೂ ನಿಷೇಧಾಜ್ಞೆ ಹೊರಡಿಸುವ ಅಧಿಕಾರ ಜಿಲ್ಲಾಧಿಕಾರಿ ಮತ್ತು ಅವರ ಕೆಳಗಿನ ದಂಡಾಧಿಕಾರಿಗಳದ್ದು. ಗಲಭೆಯ ಸುಳಿವು ಸಿಕ್ಕರೆ ಪೊಲೀಸರು ವರದಿ ಕೊಡುತ್ತಾರೆ, ಅದನ್ನು ನೋಡಿ ದಂಡಾಧಿಕಾರಿ ಆದೇಶ ಮಾಡುತ್ತಾರೆ. 1963ರಲ್ಲಿ ಬೆಂಗಳೂರಿಗೆ ಕಮಿಷನರೇಟ್ ವ್ಯವಸ್ಥೆ ಬಂದಾಗ ಈ ದಂಡಾಧಿಕಾರವೂ ಪೊಲೀಸ್ ಕಮಿಷನರ್ ಅವರ ಕೈಸೇರಿತು. ಜನರ ಬಾಯಲ್ಲಿ ಇಂದಿಗೂ 144 ಆಗಿಯೇ ಉಳಿದಿರುವ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆಗಿರುವ ನಿಷೇಧಾಜ್ಞೆಗೆ ನಗರದಲ್ಲಿ ಸಹಿ ಹಾಕುವವರು ಕಮಿಷನರ್. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿಗಳಲ್ಲಿಯೂ ಇದೇ ಪದ್ಧತಿ.

ಕಮಿಷನರ್ ಅವರ ಕೆಳಗೆ ನಗರವನ್ನು ವಿಭಾಗಗಳಾಗಿ ಹಂಚಲಾಗಿದೆ. ವಿಭಾಗಕ್ಕೆ ಡಿಸಿಪಿ, ಉಪವಿಭಾಗಕ್ಕೆ ಎಸಿಪಿ, ಠಾಣೆಗೆ ಇನ್‌ಸ್ಪೆಕ್ಟರ್. ನಿಮ್ಮೂರಿನ ಲೆಕ್ಕದಲ್ಲಿ ಡಿಸಿಪಿ ಎಂದರೆ ಎಸ್‌ಪಿ ದರ್ಜೆಯವರು, ಎಸಿಪಿ ಎಂದರೆ ಡಿವೈಎಸ್‌ಪಿ. ಡಿಸಿಪಿ ಅವರನ್ನು ‘ಡಿಸಿ’ ಎಂದು ಕರೆದು, ಅರ್ಜಿಯನ್ನು ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು ತಿಂಗಳುಗಟ್ಟಲೆ ಕಾದವರನ್ನು ವಕೀಲನಾಗಿ ನಾನು ಕಂಡಿದ್ದೇನೆ. ಆದ್ದರಿಂದ ವಿಳಾಸ ಬರೆಯುವಾಗ ‘ಉಪ ಪೊಲೀಸ್ ಆಯುಕ್ತರು’ ಎಂದು ಪೂರ್ತಿಯಾಗಿ ಬರೆದು, ವಿಭಾಗದ ಹೆಸರನ್ನೂ ಸೇರಿಸಿ.

ತುರ್ತು ಸಂದರ್ಭದಲ್ಲಿ ಆದೇಶ ಬೇಗ ಹೊರಡುವುದು ಈ ವ್ಯವಸ್ಥೆಯ ಲಾಭ. ಆದರೆ ಬೇಕೆಂದು ಕೇಳುವವರು, ಕೊಡುವವರು ಒಂದೇ ಇಲಾಖೆಯವರಾದಾಗ ಎರಡನೆಯ ಜೋಡಿ ಕಣ್ಣು ಇಲ್ಲದಂತಾಗುತ್ತದೆ. ಅದಕ್ಕಾಗಿಯೇ ಇಂಥ ಆದೇಶಗಳಲ್ಲಿ ಕಾರಣಗಳನ್ನು ವಿವರವಾಗಿ ಬರೆಯಬೇಕೆಂದು ನಾಗರಿಕರು ಒತ್ತಾಯಿಸುವುದು ನ್ಯಾಯವೇ ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಬೈಕಿನಲ್ಲಿ ಬಂದ ಇಬ್ಬರು ನನ್ನ ಮೊಬೈಲ್ ಕಿತ್ತುಕೊಂಡು ಹೋದರು. ಮನೆಯ ಹತ್ತಿರದ ಠಾಣೆಗೆ ಹೋದರೆ ‘ಇದು ನಮ್ಮ ಸರಹದ್ದಲ್ಲ’ ಎಂದರು. ಘಟನೆ ನಡೆದ ಜಾಗದ ಠಾಣೆಯಲ್ಲಿ ಬರೀ ಬಿಳಿ ಹಾಳೆಯಲ್ಲಿ ಬರೆಸಿಕೊಂಡು ಕಳುಹಿಸಿದರು. ಏನು ಮಾಡಲಿ?
– ಓದುಗರೊಬ್ಬರು, ಯಲಹಂಕ

ಉತ್ತರ: ಎರಡೂ ಕಡೆ ನಿಮಗೆ ಸಿಗಬೇಕಾದದ್ದು ಸಿಕ್ಕಿಲ್ಲ. ಸರಹದ್ದು ಎಂಬುದು ಪೊಲೀಸರು ತಮ್ಮೊಳಗೆ ಕೆಲಸ ಹಂಚಿಕೊಳ್ಳಲು ಎಳೆದುಕೊಂಡ ಗೆರೆ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಸಂಜ್ಞೇಯ ಅಪರಾಧದ, ಅಂದರೆ ನ್ಯಾಯಾಲಯದ ಅನುಮತಿಗೆ ಕಾಯದೆ ಪೊಲೀಸರೇ ತನಿಖೆ ಆರಂಭಿಸಬಹುದಾದ ಅಪರಾಧದ, ಮಾಹಿತಿಯನ್ನು, ಅದು ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿಯಾದರೂ ಕೊಡಬಹುದು. ಜನ ‘ಝೀರೋ ಎಫ್‌ಐಆರ್’ ಎನ್ನುವುದು ಇದನ್ನೇ. ಠಾಣೆಯವರು ಅದನ್ನು ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ತಾವೇ ಕಳುಹಿಸಬೇಕು. ನೀವು ಬಾಯಲ್ಲಿ ಹೇಳಿದ್ದನ್ನು ಅವರು ಬರೆದುಕೊಂಡು, ನಿಮಗೆ ಓದಿ ಹೇಳಿ, ಸಹಿ ಪಡೆದು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಮಿಂಚಂಚೆಯಂಥ ವಿದ್ಯುನ್ಮಾನ ಮಾರ್ಗದಲ್ಲಿ ದೂರು ಕಳುಹಿಸಿದರೆ 3 ದಿನಗಳೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು.

ಸಂಜ್ಞೇಯ ಅಪರಾಧದ ಮಾಹಿತಿ ಬಂದಾಗ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಕಿತ್ತುಕೊಂಡು ಓಡುವುದು ಈಗ ಭಾರತೀಯ ನ್ಯಾಯ ಸಂಹಿತೆಯ 304ನೇ ಸೆಕ್ಷನ್‌ನಲ್ಲಿ ಪ್ರತ್ಯೇಕ ಅಪರಾಧ, ಸಂಜ್ಞೇಯವೂ ಹೌದು. ಆದರೆ ಠಾಣೆಯಲ್ಲಿ ‘ಮೊಬೈಲ್ ಕಳೆದುಹೋಗಿದೆ ಎಂದು ಬರೆದುಕೊಡಿ, ಬೇಗ ಆಗುತ್ತದೆ’ ಎಂಬ ಸಲಹೆ ಬರುವುದುಂಟು. ಅದಕ್ಕೆ ಒಪ್ಪಬೇಡಿ. ಕಳೆದುಹೋದ ವಸ್ತುವಿಗೆ ಸ್ವೀಕೃತಿ ಸಿಗುತ್ತದೆ, ಅಪರಾಧಕ್ಕೆ ಮಾತ್ರ ತನಿಖೆ ನಡೆಯುತ್ತದೆ. ಒಂದೇ ಪದ ಬದಲಾದರೂ ಕಿತ್ತುಕೊಂಡ ಇಬ್ಬರು ಕಡತದಿಂದಲೇ ಮಾಯವಾಗುತ್ತಾರೆ.

ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಎಸಿಪಿ ಅವರ ಅನುಮತಿ ಪಡೆದು 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ನಾಗರಿಕ ಸುರಕ್ಷಾ ಸಂಹಿತೆ ಅವಕಾಶ ಕೊಟ್ಟಿದೆ ಎಂಬುದೂ ನಿಮಗೆ ತಿಳಿದಿರಲಿ. ‘ವಿಚಾರಣೆ ಮಾಡುತ್ತಿದ್ದೇವೆ’ ಎಂದರೆ ಆ ಅನುಮತಿ ಇದೆಯೇ, ದಿನ ಎಷ್ಟಾಯಿತು ಎಂದು ವಿನಯದಿಂದಲೇ ಕೇಳಿ. ಎಫ್‌ಐಆರ್ ದಾಖಲಿಸಲು ನಿರಾಕರಿಸಿದರೆ ದೂರಿನ ಸಾರಾಂಶವನ್ನು ಡಿಸಿಪಿ ಅವರಿಗೆ ಅಂಚೆಯಲ್ಲಿ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು. ಈ ನಡುವೆ ಐಎಂಇಐ ಸಂಖ್ಯೆ ಕೊಟ್ಟು ಕೇಂದ್ರ ಸರ್ಕಾರದ ಸಿಇಐಆರ್ ವ್ಯವಸ್ಥೆಯ ಮೂಲಕ ಫೋನನ್ನು ಬ್ಲಾಕ್ ಮಾಡಿಸುವುದನ್ನು ಮರೆಯಬೇಡಿ.

ಪ್ರಶ್ನೆ: ಮಗನ ಸ್ಕೂಟರಿಗೆ ಕಾರು ಡಿಕ್ಕಿ ಹೊಡೆದಿದೆ. ದೂರು ಕೊಡುವುದು ಸಂಚಾರ ಠಾಣೆಗೋ, ನಮ್ಮ ಬಡಾವಣೆಯ ಠಾಣೆಗೋ?
– ಓದುಗರೊಬ್ಬರು, ವಿಜಯನಗರ

ಉತ್ತರ: ಸಂಚಾರ ಠಾಣೆಗೆ. ಬಿಳಿ ಅಂಗಿಯ ಪೊಲೀಸರು ಸಿಗ್ನಲ್ ನೋಡಿಕೊಂಡು ದಂಡ ಹಾಕಲು ಮಾತ್ರ ಇದ್ದಾರೆ ಎಂಬ ಭಾವನೆ ಹಲವರಲ್ಲಿದೆ. ಬೆಂಗಳೂರಿನಲ್ಲಿ ಅಪಘಾತದ ಪ್ರಕರಣ ದಾಖಲಿಸುವುದು, ಸ್ಥಳ ಮಹಜರು ಮಾಡುವುದು, ದೋಷಾರೋಪ ಪಟ್ಟಿ ಸಲ್ಲಿಸುವುದು ಎಲ್ಲವೂ ಸಂಚಾರ ಠಾಣೆಯ ಕೆಲಸವೇ. ಡಿಕ್ಕಿಯ ನಂತರ ಹೊಡೆದಾಟ ನಡೆದಿದ್ದರೆ ಆ ಭಾಗ ಕಾನೂನು ಮತ್ತು ಸುವ್ಯವಸ್ಥೆ ಠಾಣೆಗೆ ಸೇರುತ್ತದೆ. ಅಪಘಾತ ಮಾಹಿತಿ ವರದಿಯನ್ನು ತನಿಖಾಧಿಕಾರಿ 3 ತಿಂಗಳೊಳಗೆ ಪರಿಹಾರ ನ್ಯಾಯಮಂಡಳಿಗೆ ಕಳುಹಿಸಬೇಕು. ಅದು ಹೋಗಿದೆಯೇ ಎಂದು ವಿಚಾರಿಸಿ.

ಪ್ರಶ್ನೆ: ಸಿಸಿಬಿ, ಸಿಐಡಿ ಎರಡೂ ಒಂದೇನಾ?
– ಓದುಗರೊಬ್ಬರು, ಜಯನಗರ

ಉತ್ತರ: ಅಲ್ಲ. ಸಿಸಿಬಿ, ಅಂದರೆ ಕೇಂದ್ರ ಅಪರಾಧ ವಿಭಾಗ, ನಗರ ಕಮಿಷನರ್ ಅವರ ಅಧೀನದಲ್ಲಿದ್ದು ಸಂಘಟಿತ ಅಪರಾಧ, ಮಾದಕ ವಸ್ತು, ದೊಡ್ಡ ವಂಚನೆಗಳಂಥ ಪ್ರಕರಣಗಳನ್ನು ನೋಡಿಕೊಳ್ಳುತ್ತದೆ. ಸಿಐಡಿ ಇಡೀ ರಾಜ್ಯಕ್ಕೆ ಸೇರಿದ್ದು, ಕಮಿಷನರ್ ಅವರ ಅಧೀನದಲ್ಲಿಲ್ಲ.

ಪ್ರಶ್ನೆ: ನಮ್ಮ ಮನೆಯ ಕಳ್ಳತನದ ತನಿಖಾಧಿಕಾರಿಯನ್ನು ಕಾಣಲು ಹೋದಾಗಲೆಲ್ಲ ‘ಬಂದೋಬಸ್ತ್‌ಗೆ ಹೋಗಿದ್ದಾರೆ’ ಎನ್ನುತ್ತಾರೆ. ಇದು ನೆಪವೇ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಬಹುಮಟ್ಟಿಗೆ ನಿಜವೇ, ಸಂಕಟವೂ ಅಲ್ಲಿಯೇ ಇರುವುದು. ನಗರ ಸಶಸ್ತ್ರ ಮೀಸಲು ಪಡೆ ಪ್ರತ್ಯೇಕವಾಗಿ ಇದ್ದರೂ ಕರಗ, ಗಣೇಶ ವಿಸರ್ಜನೆ, ಹೊಸ ವರ್ಷದ ರಾತ್ರಿ ಬ್ರಿಗೇಡ್ ರಸ್ತೆ, ಕ್ರಿಕೆಟ್ ಪಂದ್ಯ, ಗಣ್ಯರ ಭೇಟಿ ಇವೆಲ್ಲಕ್ಕೂ ಠಾಣೆಯ ಸಿಬ್ಬಂದಿಯೇ ಹೋಗಬೇಕು. ಬೆಳಿಗ್ಗೆ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದ ಸಬ್ ಇನ್‌ಸ್ಪೆಕ್ಟರ್ ಮಧ್ಯಾಹ್ನ ಮೆರವಣಿಗೆಯ ಜೊತೆ ನಡೆದು, ರಾತ್ರಿ ಗಸ್ತು ಮುಗಿಸುವ ಹೊತ್ತಿಗೆ ನಿಮ್ಮ ಮನೆಯ ಬೆರಳಚ್ಚಿನ ವರದಿ ಮೇಜಿನ ಮೇಲೆಯೇ ಉಳಿದಿರುತ್ತದೆ. ಬಂದೋಬಸ್ತನ್ನು ಸಡಿಲಿಸುವಂತೆಯೂ ಇಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಜನಸಾಗರವನ್ನು ನಿಭಾಯಿಸಲು ಮುಂಚಿತ ಯೋಜನೆ, ಸಮಯ, ದಣಿಯದ ಕೈಗಳು ಎಷ್ಟು ಬೇಕೆಂಬುದನ್ನು ಈ ನಗರ ಅಂದು ಕಣ್ಣೀರಿನಲ್ಲಿ ಕಂಡಿತು.

ತನಿಖೆ ಮತ್ತು ಸುವ್ಯವಸ್ಥೆಗೆ ಬೇರೆ ಬೇರೆ ಸಿಬ್ಬಂದಿ ಇರಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ನಿರ್ದೇಶಿಸಿತ್ತು, ದೊಡ್ಡ ನಗರಗಳಿಂದಲೇ ಆರಂಭಿಸಿ ಎಂದೂ ಹೇಳಿತ್ತು. ಅದು ಪ್ರತಿ ಠಾಣೆಯ ಪಾಳಿ ಪಟ್ಟಿಯಲ್ಲಿ ಕಾಣುವವರೆಗೆ ದೂರುದಾರನ ಅಲೆದಾಟವೂ ಕಾನ್‌ಸ್ಟೇಬಲ್‌ನ ನಿದ್ದೆಗೆಟ್ಟ ರಾತ್ರಿಗಳೂ ಕೊನೆಗಾಣುವುದಿಲ್ಲ. ಇವೆರಡನ್ನೂ ನಾನು ಒಂದೇ ಅನ್ಯಾಯದ ಎರಡು ಮುಖಗಳಾಗಿ ಕಾಣುತ್ತೇನೆ.

ಆದರೂ ನೀವು ಸುಮ್ಮನೆ ಕಾಯಬೇಕಿಲ್ಲ. ತನಿಖೆ ಎಲ್ಲಿಗೆ ಬಂದಿದೆ ಎಂಬುದನ್ನು 90 ದಿನಗಳೊಳಗೆ ದೂರುದಾರರಿಗೆ ತಿಳಿಸುವುದು ನಾಗರಿಕ ಸುರಕ್ಷಾ ಸಂಹಿತೆಯ 193ನೇ ಸೆಕ್ಷನ್ ಪ್ರಕಾರ ಪೊಲೀಸರ ಕರ್ತವ್ಯ. ಅಪರಾಧ ಸಂಖ್ಯೆ ನಮೂದಿಸಿ ಇನ್‌ಸ್ಪೆಕ್ಟರ್‌ಗೆ ಒಂದು ಪತ್ರ ಬರೆಯಿರಿ, ಪ್ರತಿಯನ್ನು ಎಸಿಪಿ ಅವರಿಗೂ ಕಳುಹಿಸಿ.

ಪ್ರಶ್ನೆ: ಪಕ್ಕದ ಮನೆಯ ಜಗಳವನ್ನು ಕಂಡ 72 ವರ್ಷದ ನನ್ನ ತಾಯಿಯನ್ನು ಸಾಕ್ಷಿಯಾಗಿ ಠಾಣೆಗೆ ಕರೆಯುತ್ತಿದ್ದಾರೆ. ಹೋಗಲೇಬೇಕೇ?
– ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಬೇಕಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ ಪ್ರಕಾರ ಯಾವ ವಯಸ್ಸಿನ ಮಹಿಳೆಯನ್ನೂ, 60 ದಾಟಿದ ಅಥವಾ 15 ತುಂಬದ ಪುರುಷರನ್ನೂ ಸಾಕ್ಷಿ ವಿಚಾರಣೆಗಾಗಿ ಅವರು ವಾಸಿಸುವ ಸ್ಥಳ ಬಿಟ್ಟು ಬೇರೆಡೆ ಬರುವಂತೆ ಒತ್ತಾಯಿಸುವಂತಿಲ್ಲ. ತಾವಾಗಿಯೇ ಇಷ್ಟಪಟ್ಟರೆ ಹೋಗಬಹುದು. ‘ತಾಯಿ ಹೇಳಿಕೆ ಕೊಡಲು ಸಿದ್ಧರಿದ್ದಾರೆ, ದಯವಿಟ್ಟು ಮನೆಗೆ ಬಂದು ದಾಖಲಿಸಿಕೊಳ್ಳಿ’ ಎಂದು ಠಾಣೆಗೆ ಬರೆದುಕೊಡಿ, ಅವರಿಗೆ ಅನುಕೂಲವಾದ ಸಮಯವನ್ನೂ ಅದರಲ್ಲೇ ತಿಳಿಸಿ.